ಪ್ಲಗ್ ಪಾಯಿಂಟಿನ ಇಂಟರ್ನೆಟ್ ರೇಡಿಯೊಗೆ ಎಷ್ಟು ಸೋರುತ್ತದೆ? ಮನೆಯಲ್ಲೇ ಅಳೆಯುವ ಕ್ರಮ

ನಮ್ಮ ಉಡುಪಿ ಕಡೆಯ ಹಳೆ ಮನೆಗಳ ಮುರಕಲ್ಲಿನ ಗೋಡೆ ಗೊತ್ತಲ್ಲ? ಚಾವಡಿಯಲ್ಲಿಟ್ಟ ರೂಟರಿನ ವೈಫೈ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ. ಹಿಂದಿನ ಕೋಣೆಯಲ್ಲಿ ಓದುವ ಮಕ್ಕಳ ಗಲಾಟೆ ತಡೆಯದೆ ಎಷ್ಟೋ ಮಂದಿ ಪವರ್‌ಲೈನ್ ಅಡಾಪ್ಟರ್ ತರುತ್ತಾರೆ. ಒಂದನ್ನು ರೂಟರ್ ಪಕ್ಕದ ಪ್ಲಗ್ಗಿಗೆ, ಇನ್ನೊಂದನ್ನು ಹಿಂದಿನ ಕೋಣೆಯ ಪ್ಲಗ್ಗಿಗೆ ಹಾಕಿದರೆ ಮುಗಿಯಿತು, ಕರೆಂಟಿನ ವೈರೇ ಇಂಟರ್ನೆಟ್ಟಿನ ಕೇಬಲ್ ಆಗುತ್ತದೆ. ಗೋಡೆ ಕೊರೆಯುವುದು ಬೇಡ, ಬಣ್ಣ ಹಾಳಾಗುವುದಿಲ್ಲ.

ಆದರೆ ಆ ವೈರು ಎಳೆದದ್ದು 50 ಹರ್ಟ್ಸ್ ಕರೆಂಟಿಗೆ. ಅದರಲ್ಲಿ ಮೆಗಾಹರ್ಟ್ಸ್ ಓಡಿಸಿದರೆ ಮನೆಯ ವಯರಿಂಗ್ ಅಷ್ಟೂ ಆಂಟೆನಾ ಆಗಿಬಿಡುತ್ತದೆ. ಶಾರ್ಟ್‌ವೇವ್ ಕೇಳುವವರಿಗೆ, ಹ್ಯಾಮ್‌ಗಳಿಗೆ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರಿಗೆ) ಅದು ಮೊರೆತವಾಗಿ ಕೇಳಿಸುತ್ತದೆ. ಎಷ್ಟು ಮೊರೆಯುತ್ತದೆ, ಅದು ಅಡಾಪ್ಟರಿನದ್ದೇ ಹೌದೋ ಎಂದು ಅಳೆದು ತೋರಿಸುವುದು ಹೇಗೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಲ್ಯಾಬ್ ಬೇಡ. ತಾಳ್ಮೆ ಬೇಕು, ಒಂದು ನೋಟ್‌ಬುಕ್ ಬೇಕು.

ಮೊದಲೇ ಹೇಳಿಬಿಡುತ್ತೇನೆ: ಅಳತೆಯಲ್ಲಿ ಬರುವ ಒಂಟಿ ಅಂಕಿಗೆ ಬೆಲೆ ಕಡಿಮೆ. ಒಂದೇ ಜಾಗ, ಒಂದೇ ಆಂಟೆನಾ, ಒಂದೇ ಸೆಟ್ಟಿಂಗ್‌ನಲ್ಲಿ ಅಡಾಪ್ಟರ್ ಇಲ್ಲದಾಗ ಎಷ್ಟು, ಸುಮ್ಮನೆ ಇರುವಾಗ ಎಷ್ಟು, ಡೇಟಾ ಓಡುವಾಗ ಎಷ್ಟು ಎಂಬ ಮೂರು ಅಂಕಿಗಳ ನಡುವಿನ ವ್ಯತ್ಯಾಸವೇ ಸಾಕ್ಷಿ.

ಅಳೆಯುವ ಮೊದಲು: ಈ ಪ್ರಾಣಿಯ ಗುರುತು

ಮಾರುಕಟ್ಟೆಯಲ್ಲಿರುವ ಹೋಮ್‌ಪ್ಲಗ್ ಎವಿ ಜಾತಿಯ ಅಡಾಪ್ಟರುಗಳು 2ರಿಂದ 28 ಮೆಗಾಹರ್ಟ್ಸ್ ತನಕ ಹರಡಿಕೊಳ್ಳುತ್ತವೆ. ಎವಿ2 ಎಂದು ಬರೆದಿದ್ದರೆ 86ರ ತನಕ ಹೋಗಬಹುದು. ಸುಮಾರು 24.4 ಕಿಲೋಹರ್ಟ್ಸ್ ಅಂತರದಲ್ಲಿ ನೂರಾರು ಚಿಕ್ಕ ಚಿಕ್ಕ ಕ್ಯಾರಿಯರ್‌ಗಳನ್ನು (ಡೇಟಾ ಹೊರುವ ಅಲೆಗಳನ್ನು) ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಮೇಲೂ ಸ್ವಲ್ಪ ಸ್ವಲ್ಪ ಡೇಟಾ ಹೊರಿಸುತ್ತವೆ. ವೈರಿಗೆ ಬಿಡುವ ಶಕ್ತಿ ಪ್ರತಿ ಹರ್ಟ್ಸ್‌ಗೆ ಸುಮಾರು -50 ಡಿಬಿಎಂ. ಡಿಬಿಎಂ ಎಂದರೆ ಒಂದು ಮಿಲಿವಾಟಿಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಶಕ್ತಿ, ಪ್ರತಿ 10 ಡೆಸಿಬೆಲ್‌ಗೆ ಶಕ್ತಿ ಹತ್ತು ಪಟ್ಟು. ಪೂರ್ತಿ ಹರವಿನಲ್ಲಿ ಕೂಡಿಸಿದರೆ ಒಟ್ಟು ಕಾಲು ವಾಟ್ ಆಸುಪಾಸು.

ಕಾಲು ವಾಟ್ ಎಂದರೆ ನಗು ಬರಬಹುದು. ಲೆಕ್ಕ ಹಾಕಿ ನೋಡಿ. 9 ಕಿಲೋಹರ್ಟ್ಸ್ ಅಗಲದ ಒಂದು ತುಂಡಿನಲ್ಲಿ ಅದು ಸುಮಾರು -10.5 ಡಿಬಿಎಂ ಆಗುತ್ತದೆ. ಹ್ಯಾಮ್ ರಿಸೀವರಿನ ಸಿಗ್ನಲ್ ಮೀಟರಿನಲ್ಲಿ ಬಲವಾದ ಸಿಗ್ನಲ್ಲಿನ ಗುರುತಾದ ಎಸ್9 ಎಂದರೆ -73 ಡಿಬಿಎಂ. ಅಂದರೆ ನಿಮ್ಮ ವಯರಿಂಗಿನಿಂದ ನನ್ನ ಆಂಟೆನಾಕ್ಕೆ ಬರುವ ದಾರಿಯಲ್ಲಿ 62 ಡೆಸಿಬೆಲ್‌ಗಿಂತ ಕಡಿಮೆ ನಷ್ಟವಾದರೆ ಸಾಕು, ನನ್ನ ಮೀಟರಿನ ಮುಳ್ಳು ಎಸ್9ರಲ್ಲಿ ಕೂತಿರುತ್ತದೆ. ಅಷ್ಟು ಬಲದ ಗದ್ದಲದ ಅಡಿಯಲ್ಲಿ ದೂರದ ಸ್ಟೇಷನ್ ಎಲ್ಲಿ ಕೇಳಬೇಕು?

ಇನ್ನೊಂದು ಗುರುತು ಮುಖ್ಯ. ಹ್ಯಾಮ್ ಬ್ಯಾಂಡುಗಳ ಜಾಗದಲ್ಲಿ ಈ ಅಡಾಪ್ಟರುಗಳು ತಮ್ಮ ಶಕ್ತಿಯನ್ನು ಸುಮಾರು 30 ಡೆಸಿಬೆಲ್ ಇಳಿಸಿಕೊಳ್ಳುತ್ತವೆ. ಈ ತಗ್ಗಿಗೆ ನಾಚ್ ಎನ್ನುತ್ತಾರೆ. ಅದನ್ನು ಕೆತ್ತಿದ್ದು ಅಮೆರಿಕದ ಬ್ಯಾಂಡ್ ನೋಡಿಕೊಂಡು, ಹಾಗಾಗಿ 40 ಮೀಟರ್ ಅಲೆಯುದ್ದದ ಹ್ಯಾಮ್ ಬ್ಯಾಂಡಿನಲ್ಲಿ ತಗ್ಗು 7.0ರಿಂದ 7.3 ಮೆಗಾಹರ್ಟ್ಸ್ ತನಕ ಇರುತ್ತದೆ. ನಮ್ಮಲ್ಲಿ ಹ್ಯಾಮ್ ಬ್ಯಾಂಡ್ 7.2ಕ್ಕೇ ಮುಗಿದು, ಅಲ್ಲಿಂದಾಚೆ ಪ್ರಸಾರದವರ ಸೀಮೆ. ಪರಿಣಾಮ ಏನೆಂದರೆ, 7.1ರಲ್ಲಿ ಮಾತ್ರ ಕೇಳಿ "ಏನೂ ತೊಂದರೆ ಇಲ್ಲ" ಎಂದು ಎದ್ದುಹೋಗುವ ಹ್ಯಾಮ್‌ಗೆ, ಪಕ್ಕದ ಮನೆಯ ಅಜ್ಜ 9.6ರಲ್ಲಿ ಕೇಳುತ್ತಿದ್ದ ಸ್ಟೇಷನ್ ಮುಳುಗಿದ್ದು ಗೊತ್ತೇ ಆಗುವುದಿಲ್ಲ. ಅಳತೆಯನ್ನು ತಗ್ಗಿನ ಒಳಗೂ ಮಾಡಿ, ಹೊರಗೂ ಮಾಡಿ.

ವಿದ್ಯುತ್ ಮೀಟರಿನ ರೀಡಿಂಗ್ ಕಳಿಸಲು ಬಳಸುವ ಪವರ್‌ಲೈನ್ ತಂತ್ರವೂ ಒಂದಿದೆ. ಅದು 500 ಕಿಲೋಹರ್ಟ್ಸ್‌ಗಿಂತ ಕೆಳಗಿನ ವ್ಯವಹಾರ. ಅದನ್ನೂ ಇದನ್ನೂ ಕಲಸಬೇಡಿ.

ಸಾಮಾನು

ರಿಸೀವರಿಗೆ ಅಗ್ಗದ ದಾರಿ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪಿಗೆ ಚುಚ್ಚಿ ಸಾಫ್ಟ್‌ವೇರಿನಲ್ಲಿ ನಡೆಸುವ ರೇಡಿಯೊ), ಶಾರ್ಟ್‌ವೇವ್ ಹಿಡಿಯುವ ವಿ3 ಅಥವಾ ವಿ4. ಅಂಕಿ ಓದಲು ಟೈನಿಎಸ್‌ಎ ಎಂಬ ಅಂಗೈಯಗಲದ ಸ್ಪೆಕ್ಟ್ರಮ್ ಅನಲೈಸರ್ ಇನ್ನೂ ಅನುಕೂಲ. ಬೀದಿ ಸುತ್ತಲು ಎಸ್‌ಎಸ್‌ಬಿ (ಹ್ಯಾಮ್‌ಗಳು ಮಾತಾಡುವ ಬಗೆ) ಇರುವ ಯಾವುದಾದರೂ ಕೈ ರೇಡಿಯೊ. ಜೊತೆಗೆ 10 ಡೆಸಿಬೆಲ್‌ನ ಒಂದು ಅಟೆನ್ಯುಯೇಟರ್, ಅಂದರೆ ಸಿಗ್ನಲ್ಲನ್ನು ಗೊತ್ತಾದಷ್ಟೇ ತಗ್ಗಿಸುವ ತುಂಡು. ಇದನ್ನು ಬಿಡಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ.

ಆಂಟೆನಾ ಮನೆಯಲ್ಲೇ ಆಗುತ್ತದೆ. ಮೂರು ಮೀಟರ್ ಆರ್‌ಜಿ58 ಕೇಬಲ್ಲನ್ನು ಪಿವಿಸಿ ಪೈಪಿನ ಶಿಲುಬೆಗೆ ಕಟ್ಟಿ ಬಳೆ ಮಾಡಿ, ಅಡ್ಡಳತೆ ಮೀಟರಿಗೆ ಚೂರು ಕಡಿಮೆ ಬರುತ್ತದೆ. ಬಳೆಯ ನೆತ್ತಿಯಲ್ಲಿ ಹೊರಗಿನ ಜಾಲರಿಯನ್ನು ಮಾತ್ರ ಒಂದು ಸೆಂಟಿಮೀಟರ್ ಕತ್ತರಿಸಿ, ಒಳಗಿನ ತಂತಿ ಹಾಗೇ ಇರಲಿ. ಬುಡದಲ್ಲಿ ಎರಡೂ ತುದಿಯ ಜಾಲರಿ ಸೇರಿಸಿ ರಿಸೀವರಿಗೆ ಹೋಗುವ ಕೇಬಲ್ಲಿನ ಜಾಲರಿಗೆ ಬೆಸುಗೆ. ಒಂದು ತುದಿಯ ಒಳತಂತಿ ಆ ಕೇಬಲ್ಲಿನ ಒಳತಂತಿಗೆ, ಇನ್ನೊಂದು ತುದಿಯದ್ದು ಜಾಲರಿಗೆ. ಬೆಸೆದ ಮೇಲೆ ಕೇಬಲ್ಲನ್ನು ಫೆರೈಟ್ ರಿಂಗಿನಲ್ಲಿ ಎಂಟು ಹತ್ತು ಸುತ್ತು ಹಾಯಿಸಿ. ಆ ಸುತ್ತು ಇಲ್ಲದಿದ್ದರೆ ಕೇಬಲ್ಲಿನ ಹೊರಮೈಯೇ ಇನ್ನೊಂದು ಆಂಟೆನಾ ಆಗಿ ಅಳತೆ ಕೆಡಿಸುತ್ತದೆ.

ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ. ಚಾರ್ಜರ್ ಚುಚ್ಚಿದಿರೋ, ಅಳೆಯುವುದು ಚಾರ್ಜರನ್ನೇ. ಇನ್ನು ಜೀವದ ಮಾತು: ಡಾಂಗಲ್ಲನ್ನಾಗಲಿ ಪ್ರೋಬನ್ನಾಗಲಿ ಕರೆಂಟಿನ ವೈರಿಗೆ ತಾಗಿಸಬೇಡಿ, ಮೀಟರ್ ಬೋರ್ಡ್ ಬಿಚ್ಚಬೇಡಿ, ಸರ್ವಿಸ್ ವೈರಿನ ಹತ್ತಿರ ಏಣಿ, ದೋಟಿ ಯಾವುದೂ ಬೇಡ. ಇಲ್ಲಿ ಮಾಡುವ ಅಳತೆ ಪೂರ್ತಿ ಗಾಳಿಯಲ್ಲಿ.

ಹೆಜ್ಜೆ 1: ಮೌನ ಎಷ್ಟು ಎಂದು ಅರಿಯಿರಿ

ಮೈನ್ ಸ್ವಿಚ್ ಆಫ್ ಮಾಡಿ. ಇನ್ವರ್ಟರನ್ನೂ ಮರೆಯದೆ ಆಫ್ ಮಾಡಿ. ಇದನ್ನು ಮರೆಯುವವರೇ ಹೆಚ್ಚು, ಇನ್ವರ್ಟರ್ ತಾನೇ ಒಂದು ಗದ್ದಲದ ಗೂಡು. ಆಮೇಲೆ ಬಂದ ಅಂಕಿ ನಿಮ್ಮ ಮನೆ ಬಿಟ್ಟು ಉಳಿದ ಊರಿನದ್ದು.

ಊರಿನ ಗದ್ದಲವೂ ಇಲ್ಲದ ಅಂಕಿ ಬೇಕಾದರೆ ಎರಡು ದಾರಿ. ನಾನು ಕುಂಜಿಬೆಟ್ಟಿನಿಂದ ಸ್ಕೂಟರಿನಲ್ಲಿ ಮಟ್ಟು ಕಡೆಗೆ ಹೋಗುತ್ತೇನೆ, ಗುಳ್ಳ ಬದನೆ ಬೆಳೆಯುವ ಗದ್ದೆಯ ಬದುವಿನಲ್ಲಿ, ಕರೆಂಟು ಕಂಬದಿಂದ ಆದಷ್ಟು ದೂರ ಬಳೆ ನಿಲ್ಲಿಸುತ್ತೇನೆ. ಇನ್ನೊಂದು ದಾರಿಗೆ ಸ್ಕೂಟರೂ ಬೇಡ. ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕೆ ಕಾದರೆ ಆಯಿತು. ಇಡೀ ಬೀದಿಗೆ ಕರೆಂಟು ಹೋದ ಆ ಗಳಿಗೆ ಅಳೆಯುವವನಿಗೆ ಹಬ್ಬ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆ ಬೇಡ, ಸಿಡಿಲಿನ ಚಟಪಟದಲ್ಲಿ ಅಂಕಿ ನಿಲ್ಲುವುದಿಲ್ಲ, ಅಪಾಯ ಬೇರೆ. ಗುಡುಗಿಲ್ಲದೆ ಸುರಿಯುವ ಜುಲೈ ಮಳೆ ಒಳ್ಳೆಯದು.

ಕರೆಂಟು ಹೋದರೂ ಮೊರೆತ ನಿಲ್ಲಲಿಲ್ಲವೋ? ಅದೂ ಒಂದು ಸುಳಿವು. ಮೂಲ ಯಾರದೋ ಮನೆಯ ಇನ್ವರ್ಟರ್ ಲೈನಿನಲ್ಲಿದೆ. ರೂಟರನ್ನು ಇನ್ವರ್ಟರಿಗೆ ಹಾಕಿಕೊಳ್ಳುವುದು ಈಗ ಮಾಮೂಲಿ ತಾನೇ.

ಹೆಜ್ಜೆ 2: ಸೆಟ್ಟಿಂಗ್ ಕಟ್ಟಿಹಾಕಿ

ರಿಸೀವರ್ ಒಮ್ಮೆಗೆ ಅಳೆಯುವ ತುಂಡಿನ ಅಗಲ 9 ಕಿಲೋಹರ್ಟ್ಸ್ ಇರಬೇಕೆನ್ನುವುದು 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಅಳತೆಯ ಅಂತರರಾಷ್ಟ್ರೀಯ ರೂಢಿ. ಟೈನಿಎಸ್‌ಎಯಲ್ಲಿ ಹತ್ತಿರದ್ದು 10, ಅದು ಸಾಕು. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಒಂದೇ ಕಡೆ ನಿಲ್ಲಿಸಿ, ಅದನ್ನು ತಾನಾಗಿ ಏರಿಳಿಸುವ ಎಜಿಸಿ ಆಫ್.

ಈಗ ಅಟೆನ್ಯುಯೇಟರಿನ ಕೆಲಸ. ಅದನ್ನು ನಡುವೆ ಹಾಕಿದಾಗ ಕಾಣುವ ಸಿಗ್ನಲ್ ಸರಿಯಾಗಿ 10 ಡೆಸಿಬೆಲ್ ಇಳಿಯಬೇಕು. 15, 20 ಇಳಿದರೆ ರಿಸೀವರ್ ಬಲವಾದ ಸ್ಟೇಷನ್ನುಗಳ ಭಾರಕ್ಕೆ ಕುಸಿದು ತಾನೇ ಗದ್ದಲ ಹುಟ್ಟಿಸುತ್ತಿದೆ ಎಂದರ್ಥ, ಗೇನ್ ಇಳಿಸಿ. ಏನೂ ಇಳಿಯದಿದ್ದರೆ ನೀವು ನೋಡುತ್ತಿರುವುದು ರಿಸೀವರಿನ ಸ್ವಂತ ನೆಲಮಟ್ಟ, ಗಾಳಿಯಿಂದ ಬಂದದ್ದಲ್ಲ. ಅರ್ಧ ನಿಮಿಷದ ಪರೀಕ್ಷೆ ಇದು, ಆದರೆ ಡಾಂಗಲ್ಲಿನಲ್ಲಿ ತೆಗೆದ ಅರ್ಧಕ್ಕರ್ಧ ಅಳತೆಗಳು ಬಿದ್ದುಹೋಗುವುದು ಇಲ್ಲಿಯೇ.

ಹೆಜ್ಜೆ 3: ಮೂರು ಸ್ಥಿತಿ, ತಿರುಗಿ ತಿರುಗಿ

ಬಳೆಯನ್ನು ಹೊರಗೋಡೆಯಿಂದ 3 ಮೀಟರ್ ದೂರ, ಅಂಗಳದಲ್ಲಿ ನಿಲ್ಲಿಸಿ. ಬಳೆಯನ್ನು ನಿಂತಲ್ಲೇ ತಿರುಗಿಸಿ ಅತಿ ಹೆಚ್ಚು ಬರುವ ದಿಕ್ಕು ಹುಡುಕಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇನ್ನು ಅದನ್ನು ಮುಟ್ಟಬೇಡಿ.

ಕೇಳುವ ಜಾಗಗಳು: 6.9, 7.1, 7.35, 9.6, 11.8, 13.9, 14.2, 14.5, 17.7, 21.2, 21.6 ಮೆಗಾಹರ್ಟ್ಸ್ ಆಸುಪಾಸು. ಅಲ್ಲಿ ಸ್ಟೇಷನ್ ಇದ್ದರೆ ಹತ್ತಿಪ್ಪತ್ತು ಕಿಲೋಹರ್ಟ್ಸ್ ಅತ್ತಿತ್ತ ಸರಿದು ಖಾಲಿ ಜಾಗ ಹಿಡಿಯಿರಿ. 7.1, 14.2, 21.2 ತಗ್ಗಿನ ಒಳಗಿನವು, ಉಳಿದವು ಹೊರಗಿನವು.

ಮೊದಲು ಅಡಾಪ್ಟರುಗಳನ್ನು ಪ್ಲಗ್ಗಿನಿಂದ ಕಿತ್ತು ಓದಿ. ಸ್ವಿಚ್ ಆಫ್ ಸಾಕಾಗದು, ಕೀಳಲೇಬೇಕು. ಆಮೇಲೆ ಎರಡನ್ನೂ ಹಾಕಿ, ಅವು ಪರಸ್ಪರ ಗುರುತಿಸಿಕೊಂಡ ಮೇಲೆ, ಡೇಟಾ ಏನೂ ಓಡಿಸದೆ ಓದಿ. ಮೂರನೆಯದಾಗಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದೊಡ್ಡ ಫೈಲ್ ಕಳಿಸುತ್ತಾ ಓದಿ, ಐಪರ್ಫ್ (ನೆಟ್‌ವರ್ಕ್ ವೇಗ ಅಳೆಯುವ ಸಾಫ್ಟ್‌ವೇರ್) ಗೊತ್ತಿದ್ದವರು ಅದನ್ನೇ ಓಡಿಸಿ. ಯೂಟ್ಯೂಬ್ ಹಾಕಿ ಅಳೆಯಬೇಡಿ. ಅದು ತುತ್ತು ತುತ್ತಾಗಿ ಎಳೆಯುತ್ತದೆ, ಮುಳ್ಳು ನಿಲ್ಲದೆ ಕುಣಿಯುತ್ತದೆ.

ಶಾರ್ಟ್‌ವೇವಿನ ಆಕಾಶ ಗಂಟೆಗಂಟೆಗೆ ಬದಲಾಗುತ್ತದೆ. ಬೆಳಿಗ್ಗೆ ಅಡಾಪ್ಟರ್ ಇಲ್ಲದ ಅಳತೆ, ಸಂಜೆ ಅಡಾಪ್ಟರ್ ಇರುವ ಅಳತೆ ತೆಗೆದರೆ ಅದು ಸೂರ್ಯನ ಅಳತೆಯಾದೀತು. ಒಂದೊಂದು ಫ್ರೀಕ್ವೆನ್ಸಿಯಲ್ಲೂ ಇಲ್ಲ, ಇದೆ, ಇಲ್ಲ, ಇದೆ ಎಂದು ನಾಲ್ಕು ಸಲ ಬದಲಿಸಿ, ಒಂದೆರಡು ನಿಮಿಷದ ಒಳಗೆ. ಮನೆಯಲ್ಲಿ ಒಬ್ಬರು ಸಹಾಯಕ್ಕಿದ್ದರೆ ಕಿಟಕಿಯಿಂದ ಕೂಗಿದರಾಯಿತು.

ಹೆಜ್ಜೆ 4: ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಗುರುತು

ಎಸ್‌ಡಿಆರ್ ಇದ್ದವರು 7.15 ಮೆಗಾಹರ್ಟ್ಸನ್ನು ನಡುವಿಗೆ ಇಟ್ಟು ವಾಟರ್‌ಫಾಲ್ (ಸಿಗ್ನಲ್ಲಿನ ಬಲವನ್ನು ಬಣ್ಣದಲ್ಲಿ ತೋರಿಸುತ್ತಾ ಸಾಗುವ ಚಿತ್ರ) ತೆರೆಯಿರಿ. 2.4 ಮೆಗಾಹರ್ಟ್ಸ್ ಅಗಲದಲ್ಲಿ ಏನು ಕಾಣುತ್ತದೆ ಗೊತ್ತೇ? ಎರಡೂ ಬದಿಯಲ್ಲಿ ಹಿಟ್ಟು ಚೆಲ್ಲಿದಂತೆ ಒಂದೇ ಸಮನೆ ಬೆಳ್ಳಗಿನ ಹರವು, ನಡುವೆ 7.0ರಿಂದ 7.3ರ ತನಕ ಬಾಗಿಲು ಕೊಯ್ದಿಟ್ಟ ಹಾಗೆ ಕಪ್ಪು ಚೌಕಟ್ಟು. ಆ ಕಪ್ಪಿನ ಅಂಚು ಅಷ್ಟು ನೆಟ್ಟಗಿದ್ದರೆ ಅದು ಪವರ್‌ಲೈನ್ ಅಡಾಪ್ಟರೇ. ಎಲ್‌ಇಡಿ ಬಲ್ಬಿಗೋ ಮೊಬೈಲ್ ಚಾರ್ಜರಿಗೋ 40 ಮೀಟರ್ ಬ್ಯಾಂಡ್ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಿರುವುದಿಲ್ಲ.

ಕಿವಿಯ ಗುರುತು ಇನ್ನೂ ಚಂದ. ಡೇಟಾ ಓಡದೆ ಸುಮ್ಮನಿದ್ದಾಗಲೂ ಅಡಾಪ್ಟರು ಕರೆಂಟಿನ ಎರಡು ಸುತ್ತಿಗೊಮ್ಮೆ ಒಂದು ಬೀಕನ್, ಅಂದರೆ ತಾನಿದ್ದೇನೆ ಎನ್ನುವ ಚಿಕ್ಕ ಸಂಕೇತ, ಕಳಿಸುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ ಅದು 40 ಮಿಲಿಸೆಕೆಂಡಿಗೊಮ್ಮೆ, ಸೆಕೆಂಡಿಗೆ 25. ರೇಡಿಯೊವನ್ನು ಎಎಂನಲ್ಲಿಟ್ಟು ಕೇಳಿದರೆ ದೂರದ ಗದ್ದೆಯಲ್ಲಿ ಟಿಲ್ಲರ್ ಓಡಿದಂತೆ ಟರ್ರ್ ಎನ್ನುತ್ತದೆ. ಡೇಟಾ ಶುರುವಾದ ಕೂಡಲೇ ಆ ಟರ್ರ್ ಕಾಣೆಯಾಗಿ, ಎಣ್ಣೆಗೆ ಬಿಟ್ಟ ಹಪ್ಪಳದ ಸದ್ದು. ಎಲ್‌ಇಡಿ ಡ್ರೈವರಿನದ್ದು ಹಾಗಲ್ಲ: 100 ಹರ್ಟ್ಸ್‌ನ ಒಂದೇ ಗುಂಯ್, ಹತ್ತಾರು ಕಿಲೋಹರ್ಟ್ಸಿಗೊಂದು ಗುಪ್ಪೆ, ಬಿಸಿಯಾದಂತೆ ಆ ಗುಪ್ಪೆಗಳು ಮೆಲ್ಲ ಮೆಲ್ಲ ಜರುಗುತ್ತವೆ. ಮೀಡಿಯಂ ವೇವಿಗೆ ಇಳಿದು ನೋಡಿದರೂ ತಿಳಿಯುತ್ತದೆ. ಅಲ್ಲೂ ಅಷ್ಟೇ ಗದ್ದಲ ಇದ್ದರೆ ಅಡಾಪ್ಟರಿನ ಮೇಲಿನ ಅನುಮಾನ ಕಡಿಮೆ ಮಾಡಿ, ಯಾಕೆಂದರೆ ಅದರ ಆಟ ಶುರುವಾಗುವುದೇ 2 ಮೆಗಾಹರ್ಟ್ಸಿನಿಂದ.

ಇದೆಲ್ಲ ಕಲಿತದ್ದು ಮರ್ಯಾದೆ ಕಳೆದುಕೊಂಡು. ಒಮ್ಮೆ ಎರಡು ರಾತ್ರಿ 14 ಮೆಗಾಹರ್ಟ್ಸಿನಲ್ಲಿ ಏನೂ ಕೇಳದೆ, ಕೈ ರೇಡಿಯೊ ಹಿಡಿದು ಪಕ್ಕದ ಮನೆಯ ನಿವೃತ್ತ ಟೀಚರ ಕಾಂಪೌಂಡ್ ಉದ್ದಕ್ಕೂ ಓಡಾಡಿದೆ. ಅಲ್ಲೇ ಜೋರು ಕೇಳುತ್ತಿತ್ತು. "ಟೀಚರ್, ನಿಮ್ಮಲ್ಲಿ ಪ್ಲಗ್ಗಿಗೆ ಹಾಕುವ ಇಂಟರ್ನೆಟ್ ಉಂಟಾ?" ಎಂದೆ. "ಎಂಥ ಮಾರಾಯ, ನನ್ನ ಹತ್ತಿರ ಇರುವುದು ಈ ಮೊಬೈಲ್ ಒಂದೇ" ಎಂದರು. ಆದರೂ ಪಾಪ, ನನ್ನ ಸಮಾಧಾನಕ್ಕೆ ಮೈನ್ ಸ್ವಿಚ್ ಆಫ್ ಮಾಡಿ ಕತ್ತಲಲ್ಲಿ ಕೂತರು. ಮೊರೆತ ಹಾಗೇ ಇತ್ತು. ಕೊನೆಗೆ ಸಿಕ್ಕಿದ್ದು ಆ ಕಾಂಪೌಂಡಿಗೆ ಒರಗಿಕೊಂಡಿದ್ದ ನನ್ನದೇ ಗೇಟಿನ ಎಲ್‌ಇಡಿ ಬಲ್ಬ್. ಬೀಕನ್ ಇದೆಯೇ ಎಂದು ಮೊದಲೇ ಕೇಳಿಸಿಕೊಂಡಿದ್ದರೆ ಅವರನ್ನು ಸೆಕೆಯಲ್ಲಿ ಕೂರಿಸುವ ಪ್ರಮೇಯ ಇರಲಿಲ್ಲ.

ಹೆಜ್ಜೆ 5: ಅಂಕಿಯಿಂದ ಅರ್ಥಕ್ಕೆ

ಉದಾಹರಣೆಗೆ 11.8 ಮೆಗಾಹರ್ಟ್ಸಿನಲ್ಲಿ ಕಿತ್ತಾಗ -104, ಸುಮ್ಮನಿದ್ದಾಗ -98, ಡೇಟಾ ಓಡಿದಾಗ -84 ಡಿಬಿಎಂ ಬಂತೆನ್ನಿ. ವ್ಯತ್ಯಾಸ 20 ಡೆಸಿಬೆಲ್. ಒಂದು ಎಸ್ ಯೂನಿಟ್ಟಿಗೆ 6 ಡೆಸಿಬೆಲ್, ಅಂದರೆ ಮುಳ್ಳು ಮೂರು ಯೂನಿಟ್ ದಾಟಿ ಏರಿತು. ಹೆಚ್ಚಿನವರಿಗೆ ಇಷ್ಟು ಸಾಕು. ವ್ಯತ್ಯಾಸ ಬರೀ 3 ಡೆಸಿಬೆಲ್ ಇದ್ದರೆ ಅಡಾಪ್ಟರಿನ ಸೋರಿಕೆ ಊರಿನ ಗದ್ದಲದಷ್ಟೇ ಇದೆ ಎಂದು ಓದಿಕೊಳ್ಳಿ. 1 ಡೆಸಿಬೆಲ್ ಇದ್ದರೆ ಏನೂ ಹೇಳಬೇಡಿ.

ಮೀಟರಿಗೆ ಇಷ್ಟು ಮೈಕ್ರೊವೋಲ್ಟ್ ಎಂದು ಹೇಳಬೇಕಾದರೆ ಆಂಟೆನಾದ ಫ್ಯಾಕ್ಟರ್ (ಗಾಳಿಯ ಕ್ಷೇತ್ರಬಲಕ್ಕೂ ಆಂಟೆನಾ ಕೊಡುವ ವೋಲ್ಟೇಜಿಗೂ ಇರುವ ಅನುಪಾತ) ತಿಳಿದಿರಬೇಕು, ಮನೆಯ ಬಳೆಗೆ ಅದು ಇರುವುದಿಲ್ಲ. ಅಳೆದು ಕೊಟ್ಟ ಆಂಟೆನಾ ಸಿಕ್ಕಿದರೆ ಲೆಕ್ಕ ಸುಲಭ. ಡಿಬಿಎಂ ಅಂಕಿಗೆ 107 ಕೂಡಿಸಿದರೆ ಡಿಬಿ ಮೈಕ್ರೊವೋಲ್ಟ್, ಅದಕ್ಕೆ ಫ್ಯಾಕ್ಟರ್ ಕೂಡಿಸಿದರೆ ಕ್ಷೇತ್ರಬಲ. -84ಕ್ಕೆ 107 ಸೇರಿ 23, ಫ್ಯಾಕ್ಟರ್ 20 ಎಂದುಕೊಂಡರೆ 43. ಅದು ಮೀಟರಿಗೆ ಸುಮಾರು 141 ಮೈಕ್ರೊವೋಲ್ಟ್, 3 ಮೀಟರ್ ದೂರದಲ್ಲಿ.

ಇಂಥ ಅಂಕಿಯನ್ನು ಇಟ್ಟುಕೊಂಡು ಅಮೆರಿಕದಲ್ಲಿ ದೊಡ್ಡ ಜಗಳವೇ ನಡೆದಿದೆ. ಕಂಬದ ಲೈನಿನಲ್ಲೇ ಊರಿಗೆ ಬ್ರಾಡ್‌ಬ್ಯಾಂಡ್ ಹಂಚುವುದಕ್ಕೆ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2004ರಲ್ಲಿ ನಿಯಮ ಮಾಡಿತು. 30 ಮೀಟರ್ ದೂರದಲ್ಲಿ ಮೀಟರಿಗೆ 30 ಮೈಕ್ರೊವೋಲ್ಟ್, ಅಂದರೆ 29.5 ಡಿಬಿ ಮೈಕ್ರೊವೋಲ್ಟ್, ಅದರ ಮಿತಿ. ಹತ್ತಿರ ಅಳೆದದ್ದನ್ನು 30 ಮೀಟರಿಗೆ ಇಳಿಸಲು ದೂರ ಹತ್ತು ಪಟ್ಟಾದರೆ 40 ಡೆಸಿಬೆಲ್ ಕಳೆಯಿರಿ ಎಂದರು. ನಮ್ಮ 43 ಆಗ 3ಕ್ಕೆ ಇಳಿಯುತ್ತದೆ, ಭರ್ಜರಿ ಪಾಸ್. ಅದೇ 20 ಕಳೆದರೆ 23, ಮಿತಿಯ ಬುಡಕ್ಕೆ ಬಂತು. ಯಾವುದು ಸರಿ? 3 ಮೆಗಾಹರ್ಟ್ಸಿನಲ್ಲಿ ಅಲೆಯುದ್ದ 100 ಮೀಟರ್, ಸಮೀಪ ಕ್ಷೇತ್ರವೇ (ದೂರಕ್ಕೆ ತಕ್ಕಂತೆ ಬಲ ಒಂದೇ ಲೆಕ್ಕದಲ್ಲಿ ಇಳಿಯದ ಸೀಮೆ) 16 ಮೀಟರ್ ತನಕ ಹಬ್ಬಿರುತ್ತದೆ. ಅದರೊಳಗೆ ನಿಂತು ದೂರದ ಅಂಕಿ ಹೇಳುವುದು ಕವಡೆ ಹಾಕಿ ಹೇಳಿದ ಹಾಗೆ. ಅಲ್ಲಿನ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್ ಕೋರ್ಟಿಗೆ ಹೋಯಿತು. 2008ರಲ್ಲಿ ಕೋರ್ಟು ಈ 40ರ ವಿಷಯವನ್ನು ಮತ್ತೆ ಪರಿಶೀಲಿಸಿ ಎಂದು ಹಿಂದಕ್ಕೆ ಕಳಿಸಿತು. 2011ರಲ್ಲಿ ಎಫ್‌ಸಿಸಿ ಅದನ್ನೇ ಉಳಿಸಿಕೊಂಡಿತು. ಅಷ್ಟರಲ್ಲಿ ವರ್ಜೀನಿಯಾದ ಮನಾಸಸ್ ನಗರ ತನ್ನ ಹೆಸರುವಾಸಿ ಕಂಬದ ಬ್ರಾಡ್‌ಬ್ಯಾಂಡನ್ನೇ 2010ರಲ್ಲಿ ಮುಚ್ಚಿಯಾಗಿತ್ತು.

ನನ್ನ ತಕರಾರು ಮಿತಿಯ ಮೇಲೆಯೇ. ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು ಕೊಟ್ಟಿರುವ ಸೂತ್ರದಲ್ಲಿ ವಸತಿ ಪ್ರದೇಶದ ಮಾನವ ನಿರ್ಮಿತ ಗದ್ದಲ 11.8 ಮೆಗಾಹರ್ಟ್ಸಿನಲ್ಲಿ, 9 ಕಿಲೋಹರ್ಟ್ಸ್ ಅಗಲಕ್ಕೆ, ಸುಮಾರು 8 ಡೆಸಿಬೆಲ್ ಮೈಕ್ರೊವೋಲ್ಟ್ ಬರುತ್ತದೆ. 29.5 ಎಲ್ಲಿ, 8 ಎಲ್ಲಿ! ಕಾನೂನು ಅಕ್ಷರಶಃ ಪಾಲಿಸಿದ ಲೈನೂ 30 ಮೀಟರ್ ಆಚೆ ಕೂತವನ ಕಿವಿಯನ್ನು ಮೂರೂವರೆ ಎಸ್ ಯೂನಿಟ್ಟಿನಷ್ಟು ಮುಚ್ಚುತ್ತದೆ. ಅದಕ್ಕೇ ಪಾಸ್, ಫೇಲ್ ಬರೆಯುವ ಬದಲು ಮೂರು ಸ್ಥಿತಿಯ ವ್ಯತ್ಯಾಸ ಬರೆಯಿರಿ ಎನ್ನುವುದು.

ಹೆಜ್ಜೆ 6: ಮೂಲ ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ

ಸೋರಿಕೆ ಕರೆಂಟಿನ ಮೀಟರಿನ ಹತ್ತಿರ ನಿಲ್ಲುವುದಿಲ್ಲ, ಸರ್ವಿಸ್ ವೈರು ಹಿಡಿದು ಕಂಬಕ್ಕೆ ಹೋಗುತ್ತದೆ, ಅಲ್ಲಿಂದ ನೆರೆಮನೆಗೆ ಇಳಿಯುತ್ತದೆ. ಆದ್ದರಿಂದ ರೇಡಿಯೊ ಹಿಡಿದು ನಡೆಯುವಾಗ ಪ್ರತಿ ಕಂಬದ ಹತ್ತಿರವೂ ಜೋರಾಗಿ ಕೇಳುತ್ತದೆ, ಮೋಸಹೋಗಬೇಡಿ. ಫ್ರೀಕ್ವೆನ್ಸಿ ಏರಿಸುತ್ತಾ ಹೋಗಿ. 6ರಲ್ಲಿ ಬೀದಿಯಿಡೀ ಕೇಳುವುದು 25ರಲ್ಲಿ ಒಂದೆರಡು ಮನೆಗೆ ಕುಗ್ಗುತ್ತದೆ. ಆಮೇಲೆ ಗೇಟಿನ ಹೊರಗಿನಿಂದಲೇ ಮಾತಾಡಿಸಿ, ಅಳತೆಯ ಚಿತ್ರ ತೋರಿಸಿ, ಎರಡು ನಿಮಿಷ ಕಿತ್ತು ಹಾಕಲು ಕೇಳಿಕೊಳ್ಳಿ. "ನಿಮ್ಮದು ತಪ್ಪು" ಎಂದು ಶುರುಮಾಡಿದರೆ ಅಲ್ಲಿಗೆ ಮುಗಿಯಿತು, ಅವರು ದುಡ್ಡು ಕೊಟ್ಟು ತಂದದ್ದು ತಾನೇ. ಮಾತಿನಲ್ಲಿ ಬಗೆಹರಿಯದೆ, ಲೈಸೆನ್ಸ್ ಇರುವ ಹ್ಯಾಮ್‌ಗೆ ತೊಂದರೆ ಮುಂದುವರಿದರೆ ದೂರು ಹೋಗಬೇಕಾದದ್ದು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ವಿಭಾಗಕ್ಕೆ. ದಿನಾಂಕ, ಗಂಟೆ, ಫ್ರೀಕ್ವೆನ್ಸಿ, ಅಗಲ, ದೂರ, ಮೂರು ಸ್ಥಿತಿಯ ಅಂಕಿ ಇಷ್ಟೂ ಒಂದು ಹಾಳೆಯಲ್ಲಿರಲಿ.

ಹೆಜ್ಜೆ 7: ಇಳಿಸುವ ಉಪಾಯ

ಒಳ್ಳೆಯ ಮದ್ದು ಒಂದೇ, ಅಡಾಪ್ಟರ್ ತೆಗೆದು ಲ್ಯಾನ್ ಕೇಬಲ್ ಎಳೆಯುವುದು. ಗೋಡೆ ಕೊರೆಯಲು ಮನಸ್ಸಿಲ್ಲದಿದ್ದರೆ ಹೊರಗಡೆಯಿಂದ, ಸೂರಿನಡಿ ಹಾಯಿಸಬಹುದು. ಅದಾಗದಿದ್ದರೆ ಯುರೋಪಿನ ಇಎನ್ 50561-1 ಪ್ರಕಾರ ಮಾಡಿದ ಅಡಾಪ್ಟರ್ ನೋಡಿ. ಅದು ಪ್ರಸಾರದ ಸ್ಟೇಷನ್ ಇರುವ ಜಾಗವನ್ನು ಕೇಳಿಸಿಕೊಂಡು ತಾನೇ ತಗ್ಗು ಮಾಡಿಕೊಳ್ಳುತ್ತದೆ, ಹತ್ತಿರದ ಜೊತೆಗಾರನಿಗೆ ಕಡಿಮೆ ಶಕ್ತಿಯಲ್ಲಿ ಮಾತಾಡುತ್ತದೆ. ಇನ್ನೊಂದು ಮನೆಮದ್ದು: ಫೇಸನ್ನು ಮಾತ್ರ ಸ್ವಿಚ್ಚಿಗೆ ಎಳೆದು ತರುವ ಲೈಟಿನ ಲೈನುಗಳಲ್ಲಿ ಫೇಸು, ನ್ಯೂಟ್ರಲ್ ಬೇರೆ ಬೇರೆ ದಾರಿ ಹಿಡಿಯುತ್ತವೆ. ಹೆಚ್ಚು ಸೋರುವುದು ಅಲ್ಲಿ. ಎರಡೂ ಅಡಾಪ್ಟರನ್ನು ಒಂದೇ ಪವರ್ ಸರ್ಕ್ಯೂಟಿನ ಪ್ಲಗ್ಗಿಗೆ ಬದಲಿಸಿದರೆ ಸ್ವಲ್ಪ ಇಳಿಯಬಹುದು.

ಏನೇ ಬದಲಿಸಿದರೂ ಅಂಗಳದ ಸೀಮೆಸುಣ್ಣದ ಗುರುತಿನ ಮೇಲೆ ಬಳೆ ನಿಲ್ಲಿಸಿ, ಅದೇ ಹನ್ನೊಂದು ಫ್ರೀಕ್ವೆನ್ಸಿ ಮತ್ತೊಮ್ಮೆ ಓದಿ. ಮಳೆಗೆ ಗುರುತು ಅಳಿಸಿಹೋಗಿದ್ದರೆ ಎರಡು ಹೆಂಚಿನ ತುಂಡು ಹೂತಿಡುವುದು ಒಳ್ಳೆಯದು, ನಾನು ಈಗ ಹಾಗೇ ಮಾಡಿದ್ದೇನೆ.